ಎಂಜಿನಿಯರಿಂಗ್ ಮೊದಲ ವರ್ಷ: ಪಟ್ಟಿ ಬೆಳೆಯುತ್ತಿದೆ, ಕಲಿಯುವ ವಾರಗಳು ಕರಗುತ್ತಿವೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2025ರಿಂದ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಮತ್ತೊಂದು ಹೊಸ ಸ್ಕೀಮ್, ಅಂದರೆ ಪಠ್ಯಕ್ರಮದ ಚೌಕಟ್ಟು, ತಂದಿದೆ. ಕೃತಕ ಬುದ್ಧಿಮತ್ತೆಯ ಪರಿಚಯ ಈಗ ಮೊದಲ ವರ್ಷಕ್ಕೇ ಬಂದಿದೆ. ಹಾಗಿದ್ದೂ ಕಂಪ್ಯೂಟರ್ ಸೈನ್ಸ್ ಸೇರಿದ ವಿದ್ಯಾರ್ಥಿನಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಿಲ್ಲುವುದು ತಪ್ಪಿಲ್ಲ, ಎಂಜಿನಿಯರಿಂಗ್ ಡ್ರಾಯಿಂಗ್ ತಪ್ಪಿಲ್ಲ. ಅದೇ ಕಾಲೇಜಿನ ಸಿವಿಲ್ ವಿದ್ಯಾರ್ಥಿಯ ಗಣಿತದ ಪುಸ್ತಕ ಮಾತ್ರ ಅವಳದಕ್ಕಿಂತ ಬೇರೆ. ಕೋಡಿಂಗ್ ಕಲಿಯಲು ಹೋದವಳಿಗೆ ರಸಾಯನಶಾಸ್ತ್ರ ಏಕೆ, ಗಣಿತ ಎಲ್ಲರಿಗೂ ಒಂದೇ ಅಲ್ಲವೇ, ನಾಲ್ಕೈದು ವರ್ಷ ಮುಂಚೆ ಸೇರಿದ ಅಣ್ಣನ ನೋಟ್ಸ್ ತಂಗಿಗೆ ಏಕೆ ಉಪಯೋಗಕ್ಕೆ ಬರುತ್ತಿಲ್ಲ ಎಂದು ಹೆತ್ತವರು ಕೇಳುತ್ತಿದ್ದಾರೆ.

ಕೇಳುವುದು ನ್ಯಾಯವಾಗಿಯೇ ಇದೆ. ಇವಕ್ಕೆ ಉತ್ತರ ಹುಡುಕುತ್ತಾ ಹೋದರೆ ಮೊದಲು ಎದುರಾಗುವುದು ಯಾವ ವಿಷಯ ಇರಬೇಕು, ಯಾವುದು ಬೇಡ ಎಂಬ ಜಗಳ. ಆ ಜಗಳದ ಗದ್ದಲದಲ್ಲಿ ಕಾಣದೆ ಉಳಿದ ಪ್ರಶ್ನೆ ಇನ್ನೊಂದಿದೆ: ಪಟ್ಟಿಯಲ್ಲಿರುವುದನ್ನು ಕಲಿಯಲು ವಿದ್ಯಾರ್ಥಿಗೆ ಎಷ್ಟು ವಾರ ಸಿಗುತ್ತದೆ? ಮೊದಲ ವರ್ಷದ ಗತಿಯನ್ನು ವಿಷಯಗಳ ಪಟ್ಟಿಗಿಂತ ಹೆಚ್ಚಾಗಿ ಈ ಲೆಕ್ಕವೇ ನಿರ್ಧರಿಸುತ್ತಿದೆ.

ಸೈಕಲ್ ಮತ್ತು ಕ್ರೆಡಿಟ್

ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕಾಲೇಜುಗಳು ಎರಡು ಗುಂಪು ಮಾಡುತ್ತವೆ. ಅರ್ಧ ಜನ ಮೊದಲ ಸೆಮಿಸ್ಟರ್‌ನಲ್ಲಿ ಫಿಸಿಕ್ಸ್ ಸೈಕಲ್, ಅಂದರೆ ಭೌತಶಾಸ್ತ್ರವಿರುವ ವಿಷಯಗಳ ಗುಂಪು, ಉಳಿದವರು ರಸಾಯನಶಾಸ್ತ್ರವಿರುವ ಕೆಮಿಸ್ಟ್ರಿ ಸೈಕಲ್. ಎರಡನೇ ಸೆಮಿಸ್ಟರ್‌ನಲ್ಲಿ ಅದಲುಬದಲು. ಪ್ರಯೋಗಾಲಯಗಳೂ ಅಧ್ಯಾಪಕರೂ ವರ್ಷವಿಡೀ ಬಳಕೆಯಲ್ಲಿರಲಿ ಎಂಬುದು ಇದರ ಉದ್ದೇಶ. ಗಣಿತ ಮಾತ್ರ ಎರಡೂ ಸೆಮಿಸ್ಟರ್‌ಗಳಲ್ಲಿ ಇದ್ದೇ ಇರುತ್ತದೆ.

2022ರ ಸ್ಕೀಮನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಸೆಮಿಸ್ಟರ್‌ಗೆ 20 ಕ್ರೆಡಿಟ್, ಎಂಟು ವಿಷಯ. ಗಣಿತಕ್ಕೆ 4, ಪ್ರಯೋಗಾಲಯವೂ ಸೇರಿ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರಕ್ಕೆ 4, ಪ್ರೋಗ್ರಾಮಿಂಗ್, ಡ್ರಾಯಿಂಗ್, ಎಂಜಿನಿಯರಿಂಗ್ ವಿಜ್ಞಾನದಂಥ ವಿಷಯಗಳಿಗೆ ತಲಾ 3. ಉಳಿದ ಮೂರು ವಿಷಯಗಳಿಗೆ ತಲಾ ಒಂದೊಂದು ಕ್ರೆಡಿಟ್: ಇಂಗ್ಲಿಷ್ ಒಂದು, ಸಂವಿಧಾನ ಅಥವಾ ಕನ್ನಡ ಒಂದು, ವಿನ್ಯಾಸ ಚಿಂತನೆ ಅಥವಾ ಆರೋಗ್ಯ ಒಂದು. ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಪ್ರತಿ ವಿಷಯಕ್ಕೆ 100 ಅಂಕ. ಅದರಲ್ಲಿ 50 ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ, 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ.

ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ಪಾಠ, ಇಲ್ಲವೇ ಎರಡು ಗಂಟೆಯ ಪ್ರಯೋಗಾಲಯ. ಒಂದು ಕ್ರೆಡಿಟ್ಟಿನ ವಿಷಯವಾದರೂ ಅದಕ್ಕೆ ಪ್ರತ್ಯೇಕ ಆಂತರಿಕ ಪರೀಕ್ಷೆ, ಅಸೈನ್‌ಮೆಂಟ್, ಅಂತಿಮ ಪರೀಕ್ಷೆ ಇದ್ದೇ ಇರುತ್ತವೆ. ವಿಷಯಕ್ಕೆ ಎರಡೇ ಟೆಸ್ಟ್ ಎಂದುಕೊಂಡರೂ ಎಂಟು ವಿಷಯಕ್ಕೆ ಹದಿನಾರು. ಹದಿನೈದು ಹದಿನಾರು ವಾರಗಳ ಸೆಮಿಸ್ಟರ್‌ನಲ್ಲಿ ಸರಾಸರಿ ವಾರಕ್ಕೊಂದು ಟೆಸ್ಟ್ ಆಯಿತು. ಕ್ರೆಡಿಟ್ ಲೆಕ್ಕದಲ್ಲಿ ಸಣ್ಣದಾಗಿ ಕಾಣುವ ವಿಷಯವೂ ವಿದ್ಯಾರ್ಥಿಯ ಸಮಯದ ಲೆಕ್ಕದಲ್ಲಿ ಸಣ್ಣದಲ್ಲ.

200ರಿಂದ 160ಕ್ಕೆ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, 2018ರಲ್ಲಿ ಮಾದರಿ ಪಠ್ಯಕ್ರಮ ಹೊರಡಿಸಿತು. ನಾಲ್ಕು ವರ್ಷಕ್ಕೆ 200ರ ಆಸುಪಾಸಿನಲ್ಲಿದ್ದ ಕ್ರೆಡಿಟ್‌ಗಳನ್ನು 160ಕ್ಕೆ ಇಳಿಸಬೇಕೆಂದು ಹೇಳಿದ್ದು ಆಗಲೇ. ತರಗತಿಯಲ್ಲಿ ಕೂರುವ ಗಂಟೆ ಕಡಿಮೆಯಾದರೆ ವಿದ್ಯಾರ್ಥಿ ಇಂಟರ್ನ್‌ಶಿಪ್, ಯೋಜನಾ ಕೆಲಸ, ಸ್ವಂತ ಓದಿಗೆ ಹೊರಳುತ್ತಾನೆ ಎಂಬ ನಿರೀಕ್ಷೆ ಅದರ ಹಿಂದಿತ್ತು. ಆ ಮಾದರಿಯಲ್ಲಿ ಮೂಲ ವಿಜ್ಞಾನಕ್ಕೆ 25 ಕ್ರೆಡಿಟ್, ಎಂಜಿನಿಯರಿಂಗ್ ವಿಜ್ಞಾನಕ್ಕೆ 24, ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ 12. ಕಾಲೇಜಿಗೆ ಬಂದ ಕೂಡಲೇ ಪಾಠ ಆರಂಭಿಸದೆ ಮೂರು ವಾರಗಳ ಪ್ರವೇಶ ಕಾರ್ಯಕ್ರಮ ನಡೆಸಬೇಕೆಂದೂ ಅದರಲ್ಲಿತ್ತು.

ವಿಟಿಯು ಹಂತ ಹಂತವಾಗಿ ಇಳಿಯಿತು. 2018ರ ಸ್ಕೀಮ್‌ನಲ್ಲಿ 175, 2021ರ ಹೊತ್ತಿಗೆ 160. ಒಟ್ಟು ಭಾರ ಇಳಿದದ್ದು ಒಳ್ಳೆಯದೇ. ಆದರೆ ಕ್ರೆಡಿಟ್ ಇಳಿದಷ್ಟು ವಿಷಯಗಳ ಸಂಖ್ಯೆ ಇಳಿಯಲಿಲ್ಲ. ಸಂವಿಧಾನ ಬೇಕು, ಆರೋಗ್ಯ ಬೇಕು, ವಿನ್ಯಾಸ ಚಿಂತನೆ ಬೇಕು, ಈಗ ಕೃತಕ ಬುದ್ಧಿಮತ್ತೆಯೂ ಬೇಕು. ಪ್ರತಿಯೊಂದರ ಪರವಾಗಿಯೂ ಒಳ್ಳೆಯ ವಾದವಿದೆ. ಅವೆಲ್ಲಕ್ಕೂ ಜಾಗ ಸಿಗಬೇಕಾದದ್ದು ಮೊದಲಿಗಿಂತ ಚಿಕ್ಕದಾದ ವೇಳಾಪಟ್ಟಿಯಲ್ಲಿ.

2021ರ ಗೊಂದಲ

ಈ ನಡುವೆ 2021ರ ಮಾರ್ಚ್‌ನಲ್ಲಿ ಎಐಸಿಟಿಇ ಹೊರಡಿಸಿದ ಕೈಪಿಡಿ ದೇಶದಾದ್ಯಂತ ಚರ್ಚೆ ಎಬ್ಬಿಸಿತು. ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಲೇಬೇಕೆಂಬ ನಿಯಮ ಸಡಿಲಿಸಿ, ಹದಿನಾಲ್ಕು ವಿಷಯಗಳ ಪಟ್ಟಿಯಲ್ಲಿ ಯಾವುದಾದರೂ ಮೂರನ್ನು ಓದಿದ್ದರೆ ಸಾಕು ಎಂದಿತು. ಪಟ್ಟಿಯಲ್ಲಿ ಕೃಷಿ, ಜೀವಶಾಸ್ತ್ರ, ವ್ಯವಹಾರ ಅಧ್ಯಯನವೂ ಇದ್ದವು. ಕೊರತೆಯನ್ನು ವಿಶ್ವವಿದ್ಯಾಲಯಗಳು ಸೇತು ಕೋರ್ಸ್‌ಗಳ ಮೂಲಕ ತುಂಬಬೇಕು ಎಂಬ ಸೂಚನೆಯೂ ಇತ್ತು.

ವಿರೋಧ ಬಂದ ಮೇಲೆ ಆಗಿನ ಅಧ್ಯಕ್ಷ ಅನಿಲ್ ಸಹಸ್ರಬುದ್ಧೆ ಸ್ಪಷ್ಟನೆ ಕೊಟ್ಟರು: ಮೆಕ್ಯಾನಿಕಲ್‌ನಂಥ ಬ್ರಾಂಚ್‌ಗಳಿಗೆ ಗಣಿತ, ಭೌತಶಾಸ್ತ್ರ ಬೇಕೇ ಬೇಕು, ಜವಳಿ, ಜೈವಿಕ ತಂತ್ರಜ್ಞಾನದಂಥವಕ್ಕೆ ರಿಯಾಯಿತಿ ಇರಬಹುದು. ಮುಂದಿನ ವರ್ಷ ಹೆಚ್ಚಿನ ಬ್ರಾಂಚ್‌ಗಳಿಗೆ ಹಳೆಯ ನಿಯಮವೇ ಮರಳಿತು. ಆದರೆ ಆ ಚರ್ಚೆ ಒಂದು ಸತ್ಯವನ್ನು ಬಯಲಿಗಿಟ್ಟು ಹೋಯಿತು. ದ್ವಿತೀಯ ಪಿಯುಸಿಯಲ್ಲಿ ಮೂರೂ ವಿಷಯ ಓದಿ ಬಂದವರಿಗೂ ಸೇತು ಬೇಕಾಗಿದೆ. ಅವರಿಗಾಗಿ ಅದನ್ನು ಕಟ್ಟುವ ಮಾತನ್ನು ಮಾತ್ರ ಯಾರೂ ಗಟ್ಟಿಯಾಗಿ ಆಡಲಿಲ್ಲ.

ಒಂದು ಗಣಿತ ನಾಲ್ಕಾದ ಬಗೆ

2022ರ ಸ್ಕೀಮ್ ತಂದ ದೊಡ್ಡ ಬದಲಾವಣೆ ಎಂದರೆ ಮೊದಲ ವರ್ಷದ ವಿಜ್ಞಾನವನ್ನು ನಾಲ್ಕು ಸ್ಟ್ರೀಮ್‌ಗಳಾಗಿ ಒಡೆದದ್ದು: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್. 2025ರ ಸ್ಕೀಮ್ ಇದೇ ದಾರಿಯಲ್ಲಿ ಮುಂದುವರಿದಿದೆ.

2022ರ ಸ್ಕೀಮ್‌ನ ಮೊದಲ ಸೆಮಿಸ್ಟರ್ ಗಣಿತದ ಹೆಚ್ಚಿನ ಭಾಗ ಎಲ್ಲರಿಗೂ ಸಾಮಾನ್ಯ: ಧ್ರುವೀಯ ವಕ್ರರೇಖೆಗಳು, ಟೇಲರ್ ಮತ್ತು ಮೆಕ್ಲಾರಿನ್ ಶ್ರೇಣಿ, ಆಂಶಿಕ ಅವಕಲನ, ಮೊದಲ ದರ್ಜೆಯ ಅವಕಲ ಸಮೀಕರಣ, ಕೊನೆಗೆ ರೇಖೀಯ ಬೀಜಗಣಿತ. ದಾರಿ ಕವಲೊಡೆಯುವುದು ನಾಲ್ಕನೇ ಮಾಡ್ಯೂಲ್‌ನಲ್ಲಿ, ಅಂದರೆ ನಾಲ್ಕನೇ ಪಾಠಭಾಗದಲ್ಲಿ. ಸಿವಿಲ್, ಮೆಕ್ಯಾನಿಕಲ್‌ನವರು ಅಲ್ಲಿ ಮೇಲಿನ ದರ್ಜೆಯ ಅವಕಲ ಸಮೀಕರಣಗಳನ್ನು ಕಲಿಯುತ್ತಾರೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಅದರ ಜಾಗದಲ್ಲಿ ಮಾಡ್ಯುಲರ್ ಅಂಕಗಣಿತ, ಅಂದರೆ ಶೇಷಗಳ ಗಣಿತ.

ಇದರ ಲಾಭ ಕಣ್ಣಿಗೆ ಕಾಣುವಂಥದು. ಬ್ಯಾಂಕಿನ ಜಾಲತಾಣಕ್ಕೆ ಕಳಿಸುವ ಮಾಹಿತಿಯನ್ನು ಕಾಪಾಡಲು ದಶಕಗಳಿಂದ ಬಳಕೆಯಲ್ಲಿರುವ ಆರ್‌ಎಸ್‌ಎ ಗೂಢಲಿಪಿ ಇದೇ ಶೇಷಗಳ ಗಣಿತದ ಮೇಲೆ ನಿಂತಿದೆ. ಹಿಂದೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಅದನ್ನು ಮುಟ್ಟುವ ಹೊತ್ತಿಗೆ ಮೂರನೆಯದೋ ನಾಲ್ಕನೆಯದೋ ವರ್ಷ ಬಂದಿರುತ್ತಿತ್ತು, ಮುಟ್ಟದೇ ಹೊರಬರುವವರೂ ಇದ್ದರು.

ನಷ್ಟ ಕಾಣಲು ಎರಡು ಮೂರು ವರ್ಷ ಬೇಕು. ಎರಡನೇ ದರ್ಜೆಯ ಅವಕಲ ಸಮೀಕರಣ ಎಂದರೆ ಸ್ಪ್ರಿಂಗ್, ಕಂಪನ, ಆಂದೋಲನಗಳ ಭಾಷೆ. ಗಾಳಿ ತಳ್ಳಿದಾಗ ಡ್ರೋನ್ ಓಲಾಡದೆ ಮತ್ತೆ ನೆಟ್ಟಗಾಗುವುದು, ರೋಬಾಟ್ ತೋಳು ಗುರಿಯನ್ನು ಮೀರಿ ಹೋಗದೆ ಸರಿಯಾದ ಜಾಗದಲ್ಲಿ ನಿಲ್ಲುವುದು ಈ ಸಮೀಕರಣದಿಂದಲೇ ಅರ್ಥವಾಗುತ್ತದೆ. 2022ರ ಸ್ಕೀಮ್‌ನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಎರಡನೇ ಸೆಮಿಸ್ಟರ್‌ನಲ್ಲೂ ಅದು ಸಿಗುವುದಿಲ್ಲ. ಅಲ್ಲಿ ಅನುಕಲನ, ಸದಿಶ ಕಲನ, ಸದಿಶಾವಕಾಶ ಮತ್ತು ಸಂಖ್ಯಾತ್ಮಕ ವಿಧಾನಗಳಿವೆ. ಮುಂದೆ ರೊಬಾಟಿಕ್ಸ್‌ನತ್ತ ಹೊರಳಿದರೆ ಬಿಟ್ಟುಹೋದದ್ದನ್ನು ತಾನೇ ಕೂತು ಕಲಿಯಬೇಕು. ಸಿವಿಲ್‌ನಲ್ಲಿ ಮೊದಲ ವರ್ಷ ಮುಗಿಸಿ, ಖಾಲಿ ಸೀಟು ನೋಡಿಕೊಂಡು ಕಂಪ್ಯೂಟರ್ ಸೈನ್ಸ್‌ಗೆ ಬ್ರಾಂಚ್ ಬದಲಿಸುವವನ ಪಾಡೂ ಅದೇ. ಹದಿನೆಂಟನೇ ವಯಸ್ಸಿನಲ್ಲಿ, ಬಹುಪಾಲು ಸಿಇಟಿ ರ‍್ಯಾಂಕಿನ ಮೇಲೆ ಆದ ಆಯ್ಕೆಗೆ ಮೊದಲ ಸೆಮಿಸ್ಟರ್‌ನಲ್ಲೇ ಗಣಿತದ ಬೇಲಿ ಬೀಳುತ್ತಿದೆ.

ರಸಾಯನಶಾಸ್ತ್ರದ ಸುತ್ತ ಮೂರು ವಾದ

ಇಲ್ಲಿ ನಿಲುವುಗಳು ಹಲವು. ಐಟಿ ಉದ್ಯಮಕ್ಕೆ ಹತ್ತಿರವಿರುವವರು, ಜೊತೆಗೆ ಅನೇಕ ಹೆತ್ತವರು, ವಿದ್ಯಾರ್ಥಿಗೆ ಕೆಲಸ ಕೊಡಿಸುವ ಕೌಶಲ ಮೊದಲ ದಿನದಿಂದಲೇ ಶುರುವಾಗಲಿ ಎನ್ನುತ್ತಾರೆ. ನಾಲ್ಕು ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮನೆಯಲ್ಲಿ ಈ ಮಾತು ಬರುವುದು ಸಹಜ.

ಮೂಲ ವಿಜ್ಞಾನದ ಅಧ್ಯಾಪಕರ ವಾದ ಇದಕ್ಕೆ ಎದುರು. ಇಂದಿನ ಸಾಫ್ಟ್‌ವೇರ್ ಉಪಕರಣ ಐದು ವರ್ಷದಲ್ಲಿ ಹಳತಾಗುತ್ತದೆ, ಎಂಟ್ರೊಪಿ, ಎಲೆಕ್ಟ್ರೋಡ್ ವಿಭವದಂಥ ಮೂಲ ಪರಿಕಲ್ಪನೆಗಳು ಆಗುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರೂ ಕಲನಶಾಸ್ತ್ರ, ಭೌತಶಾಸ್ತ್ರದ ಜೊತೆಗೆ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಒಂದೊಂದು ಕೋರ್ಸ್ ಮುಗಿಸಲೇಬೇಕೆಂಬುದನ್ನು ಅವರು ನೆನಪಿಸುತ್ತಾರೆ. ಈ ವಾದದೊಳಗೆ ಹೊಟ್ಟೆಪಾಡಿನ ಆತಂಕವೂ ಇದೆ: ಗಂಟೆಗಳು ಕಡಿಮೆಯಾದರೆ ಭೌತ, ರಸಾಯನಶಾಸ್ತ್ರ ವಿಭಾಗಗಳಲ್ಲಿ ಹುದ್ದೆಗಳೂ ಕಡಿಮೆಯಾಗುತ್ತವೆ. ಆತಂಕ ಇದೆ ಎಂದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ.

ವಿಟಿಯು ಹಿಡಿದದ್ದು ನಡುದಾರಿ. ವಿಷಯವನ್ನು ಉಳಿಸಿಕೊಂಡು ಅದರ ಮೈಯನ್ನು ಬ್ರಾಂಚ್‌ಗೆ ತಕ್ಕಂತೆ ಬದಲಿಸಿತು. 2022ರಲ್ಲಿ ಕಂಪ್ಯೂಟರ್ ಸೈನ್ಸ್ ಸ್ಟ್ರೀಮ್‌ನ ರಸಾಯನಶಾಸ್ತ್ರದಲ್ಲಿ ಸಂವೇದಕಗಳು, ಮೆಮೊರಿ ಮತ್ತು ಡಿಸ್‌ಪ್ಲೇ ವಸ್ತುಗಳು, ತುಕ್ಕು, ಪಾಲಿಮರ್, ಇ-ತ್ಯಾಜ್ಯ ನಿರ್ವಹಣೆ ಬಂದವು. ಭೌತಶಾಸ್ತ್ರದಲ್ಲಿ ಲೇಸರ್, ಕ್ವಾಂಟಮ್ ಯಂತ್ರವಿಜ್ಞಾನದ ಬೆನ್ನಿಗೆ ಕ್ವಾಂಟಮ್ ಕಂಪ್ಯೂಟಿಂಗ್, ಆನಿಮೇಷನ್‌ನ ಭೌತಶಾಸ್ತ್ರವೂ ಬಂತು. ಸಂಬಂಧವೇ ಇಲ್ಲದ ವಿಷಯ ಎಂಬ ದೂರಿಗೆ ಇದು ಉತ್ತರ. ಆದರೆ ಅನ್ವಯಗಳು ಹೆಚ್ಚಿದಷ್ಟೂ ಪ್ರತಿಯೊಂದರ ಹಿಂದಿನ ತತ್ವಕ್ಕೆ ಸಿಗುವ ಗಂಟೆ ಕಡಿಮೆ. ಕ್ವಾಂಟಮ್ ಯಂತ್ರವಿಜ್ಞಾನವನ್ನು ಒಂದು ಮಾಡ್ಯೂಲ್‌ನಲ್ಲಿ ಮುಗಿಸಿ ಮುಂದಿನದರಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್‌ಗೆ ಕಾಲಿಟ್ಟ ವಿದ್ಯಾರ್ಥಿಯ ಬಳಿ ಕೊನೆಗೆ ಉಳಿಯುವುದು ವ್ಯಾಖ್ಯೆಗಳು. ಪರೀಕ್ಷೆಗೆ ಅವು ಸಾಲುತ್ತವೆ, ಮುಂದಿನ ಓದಿಗೆ ಸಾಲುವುದಿಲ್ಲ.

ಕಳೆದುಹೋಗುವ ವಾರಗಳು

ಹದಿನೈದು ಹದಿನಾರು ವಾರ ಎಂಬುದು ಕಾಗದದ ಲೆಕ್ಕ. ಸಿಇಟಿ ಕೌನ್ಸೆಲಿಂಗ್ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತಿನವರು ಬಂದು ಕೂತಾಗ ಕೊನೆಯ ಸುತ್ತಿನವರಿಗೆ ಯಾವ ಕಾಲೇಜು ಎಂಬುದೇ ಇನ್ನೂ ತಿಳಿದಿರುವುದಿಲ್ಲ. ಪ್ರವೇಶ ಕಾರ್ಯಕ್ರಮ ಒಂದಿಷ್ಟು ವಾರ ತೆಗೆದುಕೊಳ್ಳುತ್ತದೆ, ಆಂತರಿಕ ಪರೀಕ್ಷೆಗಳು ಇನ್ನೊಂದಿಷ್ಟು. ತಡವಾಗಿ ಸೇರಿದ ವಿದ್ಯಾರ್ಥಿಗೆ ಉಳಿಯುವುದು ಹತ್ತೋ ಹನ್ನೊಂದೋ ವಾರ. ಕೊನೆಯ ಸುತ್ತಿನಲ್ಲಿ ಬರುವವರಲ್ಲಿ ಹಿಂದಿನ ರ‍್ಯಾಂಕಿನವರು ಹೆಚ್ಚು. ಯಾರಿಗೆ ಹೆಚ್ಚು ಸಮಯ ಬೇಕೋ ಅವರಿಗೇ ಕಡಿಮೆ ಸಮಯ ಸಿಗುವ ವ್ಯವಸ್ಥೆ ಇದು.

ಬರುವ ವಿದ್ಯಾರ್ಥಿಯ ತಯಾರಿ ಎಂಥದೆಂಬುದನ್ನೂ ನೋಡಬೇಕು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಪಿಯುಸಿ ಪರೀಕ್ಷೆಯ ಅಂಕಕ್ಕೂ ರ‍್ಯಾಂಕಿನಲ್ಲಿ ಅರ್ಧ ಪಾಲಿದೆ ನಿಜ, ಆದರೆ ಕೋಚಿಂಗ್ ತರಗತಿಗಳು ಅಭ್ಯಾಸ ಮಾಡಿಸುವುದು ನಾಲ್ಕು ಆಯ್ಕೆಗಳಲ್ಲಿ ಮೂರನ್ನು ಬೇಗ ತಳ್ಳಿಹಾಕುವ ಚುರುಕುತನವನ್ನು. ಕಾಲೇಜಿಗೆ ಬಂದ ಮೊದಲ ತಿಂಗಳಲ್ಲೇ ಅವನಿಂದ ಕೇಳುವುದು ಒಂದೂವರೆ ಪುಟ ಹರಿಯುವ ಗಣಿತದ ಸಾಧನೆಯನ್ನು (ಪ್ರೂಫ್). ಎರಡೂ ಗಣಿತವೇ, ಆದರೆ ಕೈಗೆ ಬೇಕಾದ ಪಳಗು ಬೇರೆ ಬೇರೆ.

ಭಾಷೆಯ ಮಾತು ಇದಕ್ಕಿಂತ ಗಂಭೀರ. ಕರ್ನಾಟಕ ಸರ್ಕಾರ ಎಂಜಿನಿಯರಿಂಗ್ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಕೊಟ್ಟಿದೆ. ಸರಿಯಾದ ನಿರ್ಧಾರ. ಹೀಗೆ ಕರೆದು ಕೂರಿಸಿದ ವಿದ್ಯಾರ್ಥಿಗೆ ವೇಳಾಪಟ್ಟಿಯಲ್ಲಿ ಸಿಗುವ ಇಂಗ್ಲಿಷ್ ಒಂದು ಕ್ರೆಡಿಟ್, ಅಂದರೆ ವಾರಕ್ಕೆ ಒಂದು ಗಂಟೆ. ಹತ್ತನೇ ತರಗತಿಯವರೆಗೆ ‘ವೇಗೋತ್ಕರ್ಷ’ ಎಂದು ಓದಿದವಳು ಅದನ್ನು ಇಂಗ್ಲಿಷಿನಲ್ಲಿ ಗುರುತಿಸುವಷ್ಟನ್ನು ಪಿಯುಸಿಯಲ್ಲಿ ಕಲಿತಿರುತ್ತಾಳೆ. ಆದರೆ ಪರಿಕಲ್ಪನೆಯೊಂದನ್ನು ಆ ಭಾಷೆಯಲ್ಲಿ ಪ್ರಶ್ನಿಸುವ, ಅರ್ಥವಾಗಲಿಲ್ಲ ಎಂದು ತರಗತಿಯಲ್ಲಿ ಎದ್ದು ನಿಂತು ಹೇಳುವ ಧೈರ್ಯ ಬರಲು ವಾರಕ್ಕೊಂದು ಗಂಟೆ ಸಾಲದು. ಅಧ್ಯಾಪಕರು ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಬರೆಸುವ ಕಾಲೇಜುಗಳಲ್ಲಿ ಈ ಕಂದಕ ಸ್ವಲ್ಪ ಕಿರಿದಾಗುತ್ತದೆ. ಅದು ಆ ಅಧ್ಯಾಪಕರ ಒಳ್ಳೆಯತನ, ಪಠ್ಯಕ್ರಮದ ವ್ಯವಸ್ಥೆ ಅಲ್ಲ.

ಐದನೇ ಮಾಡ್ಯೂಲ್‌ನ ಕಥೆ

ವಾರಗಳ ಕೊರತೆ ಮುಂದೆ ಏನು ಮಾಡುತ್ತದೆ ಎಂಬುದಕ್ಕೆ ರೇಖೀಯ ಬೀಜಗಣಿತ ಒಳ್ಳೆಯ ಸಾಕ್ಷಿ. 2022ರ ಸ್ಕೀಮ್‌ನಲ್ಲಿ ಅದು ಮೊದಲ ಸೆಮಿಸ್ಟರ್‌ನ ಐದನೇ ಮಾಡ್ಯೂಲ್. ಮಾತೃಕೆಯ, ಅಂದರೆ ಮ್ಯಾಟ್ರಿಕ್ಸ್‌ನ ರ‍್ಯಾಂಕ್, ಗಾಸ್ ವಿಲೋಪನ, ಗಾಸ್-ಸೈಡೆಲ್ ವಿಧಾನ, ಕೊನೆಗೆ ರೇಲಿ ಪವರ್ ವಿಧಾನ.

ಅಂತಿಮ ಪರೀಕ್ಷೆ 100 ಅಂಕಕ್ಕೆ ನಡೆದು ಅನಂತರ 50ಕ್ಕೆ ಇಳಿಯುತ್ತದೆ. ಐದು ಮಾಡ್ಯೂಲ್, ಪ್ರತಿಯೊಂದಕ್ಕೂ 20 ಅಂಕ. ಈ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 35 ಬಂದರೆ, ಆಂತರಿಕ ಅಂಕ ಸೇರಿಸಿ ಒಟ್ಟು ಶೇಕಡಾ 40 ದಾಟಿದರೆ ಪಾಸು. ಎರಡು ಮಾಡ್ಯೂಲ್‌ಗಳನ್ನು ಚೆನ್ನಾಗಿ ಓದಿದವನು ಅಂತಿಮ ಪರೀಕ್ಷೆಯ ಗಡಿ ದಾಟುತ್ತಾನೆ. ಹಾಗಾದರೆ ಕೈಬಿಡುವುದು ಯಾವುದನ್ನು? ಸೆಮಿಸ್ಟರ್‌ನ ಕೊನೆಯ ವಾರಗಳಲ್ಲಿ, ಲ್ಯಾಬ್ ಪರೀಕ್ಷೆ, ಅಸೈನ್‌ಮೆಂಟ್, ಕೊನೆಯ ಇಂಟರ್ನಲ್ಸ್‌ಗಳ ನಡುವೆ ಓಡಿಸಿ ಮುಗಿಸಿದ್ದನ್ನು. ಅಂದರೆ ಐದನೆಯದನ್ನು.

ಈಗ ಮೂರನೇ ವರ್ಷಕ್ಕೆ ಬನ್ನಿ. ಮೆಷಿನ್ ಲರ್ನಿಂಗ್ ತರಗತಿಯಲ್ಲಿ ನೂರು ಅಂಕಣಗಳ ದತ್ತಾಂಶವನ್ನು ಕೆಲವೇ ಮುಖ್ಯ ದಿಕ್ಕುಗಳಿಗೆ ಇಳಿಸುವ ಪಾಠ ಬರುತ್ತದೆ. ಆ ದಿಕ್ಕುಗಳು ಒಂದು ಮಾತೃಕೆಯ ಐಗನ್ ಸದಿಶಗಳು, ಅಂದರೆ ಆ ಮಾತೃಕೆಯಿಂದ ಗುಣಿಸಿದರೂ ದಿಕ್ಕು ಬದಲಾಗದ ಸದಿಶಗಳು. ಅವುಗಳಲ್ಲಿ ಅತಿ ಮುಖ್ಯವಾದುದನ್ನು ಹುಡುಕುವ ಸರಳ ದಾರಿ ಎಂದರೆ ಯಾವುದೋ ಒಂದು ಸದಿಶವನ್ನು ಹಿಡಿದು ಅದೇ ಮಾತೃಕೆಯಿಂದ ಮತ್ತೆ ಮತ್ತೆ ಗುಣಿಸಿ, ಪ್ರತಿ ಸಲವೂ ಅಳತೆಗೆ ತಂದು, ದಿಕ್ಕು ಸ್ಥಿರವಾಗುವವರೆಗೆ ಕಾಯುವುದು. ಅದೇ ಪವರ್ ವಿಧಾನ. ಗೂಗಲ್ ತನ್ನ ಆರಂಭದ ದಿನಗಳಲ್ಲಿ ಜಾಲಪುಟಗಳ ಮಹತ್ವ ಅಳೆದ ಪೇಜ್‌ರ‍್ಯಾಂಕ್ ಲೆಕ್ಕವೂ ಇದೇ. ಮೊದಲ ಸೆಮಿಸ್ಟರ್‌ನಲ್ಲಿ ಬಿಟ್ಟುಬಂದ ಎರಡು ಪುಟ ಇಲ್ಲಿ ಎದುರಾಗುತ್ತದೆ. ಆಗ ವಿದ್ಯಾರ್ಥಿ ಸಿದ್ಧ ಲೈಬ್ರರಿಯ ಒಂದು ಸಾಲು ಬರೆದು ಉತ್ತರ ಪಡೆಯುತ್ತಾನೆ, ಉತ್ತರ ತಪ್ಪಾದಾಗ ಏಕೆ ತಪ್ಪಾಯಿತು ಎಂದು ಹೇಳಲಾರ.

ಕೃತಕ ಬುದ್ಧಿಮತ್ತೆಯನ್ನು ಮೊದಲ ವರ್ಷಕ್ಕೇ ತಂದದ್ದರಲ್ಲಿ ನನಗೆ ಕಾಣುವ ತೊಡಕು ಇದೇ. ಪರಿಚಯದ ಕೋರ್ಸ್‌ನಿಂದ ಕುತೂಹಲ ಹುಟ್ಟಬಹುದು, ಅದು ಅಮೂಲ್ಯ. ಆದರೆ ಆ ವಿದ್ಯೆಯ ಬೇರು ಇರುವ ಗಣಿತ ಅದೇ ವರ್ಷದಲ್ಲಿ ಗಂಟೆಗಳಿಗಾಗಿ ಪರದಾಡುತ್ತಿದೆ.

ಡಿಪ್ಲೊಮಾದಿಂದ ಬಂದವರು

ಡಿಪ್ಲೊಮಾ ಮುಗಿಸಿದವರು ನೇರ ಮೂರನೇ ಸೆಮಿಸ್ಟರ್‌ಗೆ ಸೇರುತ್ತಾರೆ, ಮೊದಲ ವರ್ಷ ಅವರಿಗಿಲ್ಲ. ವರ್ಕ್‌ಶಾಪ್, ಡ್ರಾಯಿಂಗ್‌ಗಳಲ್ಲಿ ಅವರ ಕೈ ಪಳಗಿರುತ್ತದೆ, ಎಡವುವುದು ಗಣಿತದಲ್ಲಿ. ಅದಕ್ಕಾಗಿ 2018ರ ಸ್ಕೀಮ್‌ನಲ್ಲಿ ಹೆಚ್ಚುವರಿ ಗಣಿತದ ಎರಡು ಕೋರ್ಸ್‌ಗಳಿದ್ದವು. ಕ್ರೆಡಿಟ್ ಇಲ್ಲ, ಪಾಸಾಗುವುದು ಮಾತ್ರ ಕಡ್ಡಾಯ. ಸೇತು ಬೇಕೆಂದು ವ್ಯವಸ್ಥೆಯೇ ಒಪ್ಪಿಕೊಂಡ ಜಾಗವಿದು. ಆದರೆ ಅದೂ ಉಳಿದ ವಿಷಯಗಳ ಪಕ್ಕದಲ್ಲಿ, ಅದೇ ವಾರಗಳೊಳಗೆ ನಡೆಯಬೇಕಿತ್ತು.

ಫಲ ನೋಡದೆ ಬದಲಾಗುವ ಸ್ಕೀಮ್‌ಗಳು

2015, 2017, 2018, 2021, 2022, 2025. ಇವು ವಿಟಿಯು ಸ್ಕೀಮ್‌ಗಳ ವರ್ಷಗಳು. ಪದವಿಗೆ ಬೇಕಾದದ್ದು ನಾಲ್ಕು ವರ್ಷ. ಈ ಸಾಲಿನಲ್ಲಿ ಯಾವ ಎರಡು ವರ್ಷಗಳ ನಡುವೆಯೂ ನಾಲ್ಕು ವರ್ಷದ ಅಂತರವಿಲ್ಲ. ಒಂದು ಸ್ಕೀಮ್‌ನ ಮೊದಲ ತಂಡ ಪದವಿ ಪಡೆದು ಹೊರಬಂದು, ಅವರು ಏನು ಕಲಿತರು, ಎಲ್ಲಿ ಎಡವಿದರು ಎಂದು ನೋಡುವ ಮುಂಚೆಯೇ ಮುಂದಿನದು ಬಂದಿದೆ. 2022ರಲ್ಲಿ ಗಣಿತವನ್ನು ನಾಲ್ಕಾಗಿ ಒಡೆದದ್ದು ಸರಿಯೋ ತಪ್ಪೋ ಎಂಬುದಕ್ಕೆ ಆ ತಂಡದ ನಾಲ್ಕು ವರ್ಷದ ಓದು ಉತ್ತರ ಕೊಡಬೇಕಿತ್ತು. ಅವರು ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಕಿರಿಯರಿಗೆ ಹೊಸ ಪುಸ್ತಕ ಬಂದಿತ್ತು.

ತಂತ್ರಜ್ಞಾನ ಬೇಗ ಬದಲಾಗುತ್ತಿದೆ, ಪಠ್ಯಕ್ರಮವೂ ಬದಲಾಗಲೇಬೇಕು ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಮೂರನೇ, ನಾಲ್ಕನೇ ವರ್ಷದ ಐಚ್ಛಿಕ ವಿಷಯಗಳ ಮಟ್ಟಿಗೆ ಈ ಮಾತು ಪೂರ್ತಿ ಸರಿ. ಟೇಲರ್ ಶ್ರೇಣಿಗೂ ಗಾಸ್ ವಿಲೋಪನಕ್ಕೂ ಮೂರು ವರ್ಷಕ್ಕೊಮ್ಮೆ ಹೊಸ ಸ್ಕೀಮ್ ಬೇಕಿಲ್ಲ. ಬದಲಾವಣೆಯ ಖರ್ಚು ಬೀಳುವುದು ಅಧ್ಯಾಪಕರ ಮೇಲೆ, ಬ್ಯಾಕ್‌ಲಾಗ್ ಉಳಿಸಿಕೊಂಡು ಹಳೆಯ ಸ್ಕೀಮ್‌ನ ಪರೀಕ್ಷೆ ಬರೆಯುವವರ ಮೇಲೆ. ಅವರಿಗೆ ಪಾಠ ಹೇಳುವ ತರಗತಿಯೇ ಆ ಹೊತ್ತಿಗೆ ಇರುವುದಿಲ್ಲ.

ಮುಂದೆ ಏನಾಗಬಹುದು

ಇದೇ ದಾರಿ ಮುಂದುವರಿದರೆ ಮೊದಲ ಪರಿಣಾಮ ಕಾಲೇಜು ಕಾಲೇಜುಗಳ ನಡುವಿನ ಅಂತರದಲ್ಲಿ ಕಾಣುತ್ತದೆ. ಸ್ವಾಯತ್ತ ಕಾಲೇಜುಗಳಿಗೆ ತಮ್ಮ ಪಠ್ಯವನ್ನು ತಾವೇ ಹೊಂದಿಸಿಕೊಳ್ಳುವ ಅವಕಾಶವಿದೆ, ಟ್ಯುಟೋರಿಯಲ್ ಗಂಟೆ ಸೇರಿಸುವ ಶಕ್ತಿಯಿದೆ. ಜಿಲ್ಲಾ ಕೇಂದ್ರದ ಸಣ್ಣ ಕಾಲೇಜು ವಿಶ್ವವಿದ್ಯಾಲಯದ ವೇಳಾಪಟ್ಟಿಯನ್ನೇ ನಂಬಿ ನಡೆಯಬೇಕು. ಎರಡೂ ಕಡೆ ಕೊಡುವ ಪದವಿ ಒಂದೇ.

ಸರಿಪಡಿಸಲು ದೊಡ್ಡ ಸುಧಾರಣೆಯೇ ಬೇಕೆಂದಿಲ್ಲ. ಪ್ರವೇಶ ಕಾರ್ಯಕ್ರಮದ ಮೊದಲ ದಿನಗಳಲ್ಲೇ ಅಂಕವಿಲ್ಲದ ಒಂದು ಗಣಿತ ಪರೀಕ್ಷೆ ನಡೆಸಿ, ಯಾರಿಗೆ ಎಲ್ಲಿ ಕೊರತೆ ಎಂದು ನೋಡಿ, ಉಳಿದ ದಿನಗಳ ಒಂದು ಪಾಲನ್ನು ಅದಕ್ಕೇ ಮೀಸಲಿಡಬಹುದು. ಒಂದು ಕ್ರೆಡಿಟ್ಟಿನ ವಿಷಯಗಳನ್ನು ಅಂತಿಮ ಪರೀಕ್ಷೆಯಿಂದ ಬಿಡಿಸಿ ಚಟುವಟಿಕೆಯ ಮೂಲಕ ಅಳೆಯಬಹುದು. ಸಂವಿಧಾನವನ್ನು ಬಹು ಆಯ್ಕೆಯ ಪ್ರಶ್ನೆಗಳಿಗಿಂತ ಚರ್ಚೆಯಲ್ಲಿ ಹೆಚ್ಚು ಕಲಿಯಬಹುದು. ರೇಖೀಯ ಬೀಜಗಣಿತವನ್ನು ಐದನೇ ಜಾಗದಿಂದ ಎರಡನೇ ಜಾಗಕ್ಕೆ ತಂದರೆ ಖರ್ಚಾಗುವುದು ಒಂದು ಸುತ್ತೋಲೆ ಮಾತ್ರ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷಿನ ಹೆಚ್ಚುವರಿ ಗಂಟೆಗಳು, ಜೊತೆಗೆ ಕನ್ನಡದಲ್ಲಿ ಗಣಿತ-ಭೌತಶಾಸ್ತ್ರದ ವಿವರಣಾ ತರಗತಿ, ಎರಡೂ ಬೇಕು.

ಇದೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ವಿಶ್ವವಿದ್ಯಾಲಯದ ಬಳಿ ಪ್ರತಿ ಸೆಮಿಸ್ಟರ್‌ನ ಮೌಲ್ಯಮಾಪನದ ಅಂಕಗಳಿವೆ. ಯಾವ ಮಾಡ್ಯೂಲ್‌ನ ಪ್ರಶ್ನೆಯನ್ನು ಎಷ್ಟು ಜನ ಮುಟ್ಟಲೇ ಇಲ್ಲ, ತಡವಾಗಿ ಪ್ರವೇಶ ಪಡೆದವರು ಯಾವ ವಿಷಯದಲ್ಲಿ ಹಿಂದೆ ಉಳಿದರು, ಸ್ಟ್ರೀಮ್ ಒಡೆದ ಮೇಲೆ ಮೂರನೇ ವರ್ಷದ ಗಣಿತಾಧಾರಿತ ವಿಷಯಗಳ ಫಲಿತಾಂಶ ಏರಿತೋ ಇಳಿಯಿತೋ ಎಂಬುದನ್ನು ಅವುಗಳಿಂದ ತೆಗೆಯಬಹುದು. ಆ ಅಂಕಿಅಂಶಗಳನ್ನು, ಯಾವ ವಿದ್ಯಾರ್ಥಿಯ ಹೆಸರೂ ಇಲ್ಲದೆ, ಮುಂದಿನ ಸ್ಕೀಮ್‌ನ ಕರಡಿನ ಜೊತೆಗೇ ಅಧ್ಯಾಪಕರ ಮತ್ತು ಹೆತ್ತವರ ಮುಂದೆ ಇಡಬೇಕು.